ಒಡೆತನದೊಡನೆ ಬರುವ ಋಣ

ಒಂದು ವಸ್ತುವನ್ನು ಕ್ರಯಕ್ಕೆ ಕೊಂಡವನಿಗೆ ಅದರ ಭೋಗದ ಹಕ್ಕು ದೊರೆಯುತ್ತದೆ. ಅದರಿಂದ ಪರರಿಗೆ ಒದಗಬಹುದಾದ ಕೇಡಿನ ಹೊಣೆಯೂ ಅದೇ ಕ್ರಯಪತ್ರದೊಡನೆ ಅವನ ಪಾಲಿಗೆ ಬರುತ್ತದೆಯೇ? ವ್ಯಾಪಾರದಲ್ಲಿ ಬಾಳು ಸವೆಸಿದವರಿಗೆ ಈ ಪ್ರಶ್ನೆ ಎದುರಾಗದೆ ಇರದು. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಒಂದು ಖಾಸಗಿ ಜಲಾಶಯದ ಚರಿತ್ರೆಯು ಇದಕ್ಕೆ ಕಠೋರವಾದ ಉತ್ತರವನ್ನು ನೀಡುತ್ತದೆ.

ಜಾನ್ಸ್‌ಟೌನ್ ಪಟ್ಟಣಕ್ಕೆ 14 ಮೈಲಿ ಮೇಲ್ಗಡೆ, ಸೌತ್ ಫೋರ್ಕ್ ಎಂಬಲ್ಲಿ, ದೋಣಿಗಾಲುವೆಗೆ ನೀರೊದಗಿಸಲೆಂದು ರಾಜ್ಯ ಸರ್ಕಾರವು ಮಣ್ಣಿನ ಏರಿಯೊಂದನ್ನು ಕಟ್ಟಿಸಿತು. 1838ರಲ್ಲಿ ಆರಂಭವಾದ ಕೆಲಸವು 1853ರಲ್ಲಿ ಮುಗಿಯಿತು. ಅಷ್ಟರಲ್ಲಿ ರೈಲುಮಾರ್ಗ ಬಂದು ಕಾಲುವೆಯು ನಿರುಪಯುಕ್ತವಾಯಿತು. ಜಲಾಶಯವು ಖಾಸಗಿಯವರಿಗೆ ಮಾರಾಟವಾಗಿ ಕೈಯಿಂದ ಕೈಗೆ ಸಾಗಿತು. ನಡುವಣ ಒಡೆಯನೊಬ್ಬನು ಏರಿಯ ಬುಡದಲ್ಲಿದ್ದ ತೂಬಿನ ಕಬ್ಬಿಣದ ಕೊಳವೆಗಳನ್ನು ಕಿತ್ತು ಗುಜರಿಗೆ ಮಾರಿದನು. 1879ರಲ್ಲಿ ಅದು ಪಿಟ್ಸ್‌ಬರ್ಗಿನ ಸಿರಿವಂತರ ವಿಹಾರದ ಕ್ಲಬ್ಬೊಂದರ ವಶಕ್ಕೆ ಬಂದಿತು. ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿಯೂ ಅದರ ಸದಸ್ಯರಾಗಿದ್ದರು.

ಕ್ಲಬ್ಬಿನವರು ಕೊಳವೆಗಳನ್ನು ಮರಳಿ ಹಾಕಿಸಲಿಲ್ಲ. ಗಾಡಿಗಳು ಸಂಚರಿಸಲೆಂದು ಏರಿಯ ನೆತ್ತಿಯನ್ನು ತಗ್ಗಿಸಿದರು. ಸಾಕಿದ ಮೀನು ಹೊರಹೋಗದಂತೆ ಕೋಡಿಗೆ ಜಾಲರಿ ಬಿಗಿದರು. 1880ರಲ್ಲಿ ಜಾನ್ಸ್‌ಟೌನಿನ ಕೇಂಬ್ರಿಯಾ ಕಬ್ಬಿಣ ಕಂಪನಿಯ ಡೇನಿಯಲ್ ಮೊರೆಲ್ ಅವರು ಇಂಜಿನಿಯರನನ್ನು ಕಳುಹಿಸಿ ಏರಿಯನ್ನು ಪರೀಕ್ಷಿಸಿ ಎಚ್ಚರಿಕೆ ಕೊಟ್ಟರು. ದುರಸ್ತಿಯ ವೆಚ್ಚಕ್ಕೆ ನೆರವಾಗಲೂ ಮುಂದಾದರು. ಅಪಾಯವೇನೂ ಇಲ್ಲವೆಂಬ ಉತ್ತರ ಬಂದಿತು.

1889ರ ಮೇ 31ರಂದು ಭಾರಿ ಮಳೆಯಲ್ಲಿ ಕೆರೆ ಉಕ್ಕಿತು. ಜಾಲರಿಗೆ ಕಸಕಡ್ಡಿ ಸಿಕ್ಕಿ ಕೋಡಿಯ ದಾರಿ ಕಟ್ಟಿತು. ನೀರು ಬಿಡಲು ತೂಬು ಇರಲಿಲ್ಲ. ಮಧ್ಯಾಹ್ನ ಏರಿ ಒಡೆಯಿತು. 2,209 ಮಂದಿ ಮಡಿದರು.

ನ್ಯಾಯಾಲಯದಲ್ಲಿ ಕ್ಲಬ್ಬಿನವರು ಹೊಣೆಗಾರರಾಗಲಿಲ್ಲ. ಇದು ದೈವಕೃತವೆಂಬ ಮಾತೂ ನಡೆಯಿತು. ಕೊಲ್ಲಬೇಕೆಂಬ ಸಂಕಲ್ಪವು ಅವರಲ್ಲಿ ಯಾರಿಗೂ ಇರಲಿಲ್ಲವೆಂಬುದು ನಿಜ. ಆದರೆ ಸಂಕಲ್ಪವಿಲ್ಲವೆಂದ ಮಾತ್ರಕ್ಕೆ ದೋಷವಿಲ್ಲವೆನ್ನಲಾಗದು. ತಿಳಿಯಬಹುದಾದುದನ್ನು ತಿಳಿಯದಿರುವುದು, ತಿಳಿದ ಮೇಲೂ ಉದಾಸೀನರಾಗಿರುವುದು ಪ್ರಮಾದವೇ. ಪ್ರಮಾದದಿಂದಾದ ಪ್ರಾಣಹಾನಿ ಹಿಂಸೆಯೇ.

ಕೊಳವೆ ಕಿತ್ತವರು ನಾವಲ್ಲ, ಹಿಂದಿನ ಒಡೆಯನೆಂದು ಅವರು ಹೇಳಬಹುದಿತ್ತು. ಆದರೆ ನಡೆಯುವ ಅಂಗಡಿಯೊಂದನ್ನು ಸಾಲಸಹಿತ ಕೊಂಡವನು ದಾಸ್ತಾನು ತನ್ನದು, ಸಾಲ ಹಿಂದಿನವನದು ಎಂದರೆ ಯಾವ ಲೆಕ್ಕಿಗನೂ ಒಪ್ಪುವುದಿಲ್ಲ. ನೀರನ್ನು ಕೊಂಡವನು ಕೆಳಗಿನ ಊರಿನವರ ಋಣವನ್ನೂ ಕೊಂಡಿದ್ದಾನೆ.

ಪ್ರವಾಹದ ಬಳಿಕ ಕಾರ್ನೆಗಿ ಆ ಊರಿನ ಗ್ರಂಥಾಲಯವನ್ನು ಮರಳಿ ಕಟ್ಟಿಸಿಕೊಟ್ಟರು. ಆ ದಾನವು ಪ್ರಶಂಸನೀಯವೇ. ಆದರೂ ತೂಬಿಗೆ ಮಾಡದ ಖರ್ಚನ್ನು ಗ್ರಂಥಾಲಯಕ್ಕೆ ಮಾಡಿದ ಖರ್ಚಿನಿಂದ ಸರಿದೂಗಿಸಲಾಗದು. ದಾನಕ್ಕೆ ಕೈ ನೀಡುವ ಮೊದಲು, ನಮ್ಮ ಸ್ವತ್ತಿನ ಕೆಳಗೆ ಯಾರು ವಾಸಿಸುತ್ತಿದ್ದಾರೆಂದು ಒಮ್ಮೆ ನೋಡಿ ಬರುವುದು ಗೃಹಸ್ಥನ ಮೊದಲ ಕರ್ತವ್ಯವೆಂದು ತೋರುತ್ತದೆ.