ಇಂದಿನ ಚಿಂತನೆ: ‘ಶಾಸ್ತ್ರಕ್ಕೆ’



ಪುಸ್ತಕದಲ್ಲಿ ‘ಶಾಸ್ತ್ರ’ ಎಂದರೆ ಅರಿವು. ನಮ್ಮ ಚಳ್ಳಕೆರೆಯ ಮನೆಗಳಲ್ಲಿ ಅರಿಶಿಣ ಹಚ್ಚುವುದು, ಬಳೆ ತೊಡಿಸುವುದು ಎಲ್ಲವೂ ಶಾಸ್ತ್ರ. ಮನಸ್ಸಿಲ್ಲದೆ ಎರಡು ತುತ್ತು ತಿಂದರೆ ‘ಶಾಸ್ತ್ರಕ್ಕೆ ಉಂಡೆ’ ಎನ್ನುತ್ತೇವೆ.

ಅಪ್ಪ ತೀರಿಕೊಂಡಾಗ ನಾನು ಪಿಂಡ ಇಡಲಿಲ್ಲ. 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಅದೂ ಒಂದು. ತ್ರಿಸರಣ, ಪಂಚಶೀಲ ಹೇಳಿದೆವು. ರಾತ್ರಿ ಅವ್ವ ಕೇಳಿದಳು: “ನೀವು ಅಂದಿದ್ದು ನಂಗೊಂದೂ ತಿಳೀಲಿಲ್ಲ ಕಣಪ್ಪ. ಇದೂ ಶಾಸ್ತ್ರಕ್ಕಾ?”

ನನ್ನಲ್ಲಿ ಉತ್ತರವಿರಲಿಲ್ಲ.

ಬುದ್ಧರು ಹೇಳಿದ ಹತ್ತು ಸಂಯೋಜನಗಳಲ್ಲಿ, ಅಂದರೆ ಬಂಧನಗಳಲ್ಲಿ, ಮೂರನೆಯದು ಸೀಲಬ್ಬತ ಪರಾಮಾಸ: ಆಚರಣೆಯಿಂದಲೇ ಬಿಡುಗಡೆ ಸಿಗುತ್ತದೆಂದು ಅಂಟಿಕೊಳ್ಳುವುದು. ಈ ಮಾತು ನಮ್ಮ ವಂದನೆಗೂ ಸಲ್ಲುತ್ತದೆ.

ಮರುದಿನದಿಂದ ಒಂದೊಂದೇ ಶೀಲವನ್ನು ಅವ್ವನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಬಂಧುಗಳೇ, ಇಂದು ನೀವೂ ಮನೆಯಲ್ಲಿ ಒಂದನ್ನು ಹೇಳಿ. ಶಾಸ್ತ್ರಕ್ಕೆ ಬೇಡ.

ಸರ್ವರಿಗೂ ಮಂಗಳವಾಗಲಿ.