ಕಲಿಸಹೋದವನ ಋಣ



ಸಂಬಳದ ಆಶೆಯಿಲ್ಲದೆ, ಯಾರ ಬಲಾತ್ಕಾರವೂ ಇಲ್ಲದೆ, ಸ್ವಂತ ಮನಸ್ಸಿನಿಂದ ಪರದೇಶಕ್ಕೆ ಹೋಗಿ ಅಲ್ಲಿಯ ಮಕ್ಕಳಿಗೆ ಓದುಬರಹ ಕಲಿಸುವವನು ಆ ಜನರಿಗೆ ಸಾಲಗಾರನೋ, ಇಲ್ಲವೆ ಆ ಜನರೇ ಅವನಿಗೆ ಸಾಲಗಾರರೋ? ಈ ಪ್ರಶ್ನೆಯನ್ನು ಕೇಳಿದ ಕೂಡಲೇ ನಮ್ಮಲ್ಲಿ ಅನೇಕರು, ಕೊಟ್ಟವನಿಗೆ ಯಾವ ಸಾಲ? ತೆಗೆದುಕೊಂಡವನೇ ಸಾಲಗಾರನಲ್ಲವೋ? ಎಂದು ಉತ್ತರ ಹೇಳುವರು. ಈ ಉತ್ತರವು ಮೇಲುನೋಟಕ್ಕೆ ನ್ಯಾಯವಾಗಿ ತೋರುತ್ತದೆ. ಅದು ಸತ್ಯವೂ ಆಗಿದೆಯೋ ಎಂದು ನಾವು ಸ್ವಲ್ಪ ವಿಚಾರಿಸೋಣ.

ಸಾಗರಗಳೆಲ್ಲವುಗಳಲ್ಲಿ ಮಹಾ ವಿಸ್ತಾರವಾದ ಪೆಸಿಫಿಕ್ ಸಾಗರದ ನಡುವೆ ಸಾಮೋವಾ ಎಂಬ ದ್ವೀಪರಾಜ್ಯವುಂಟು. ಉಪೊಲು, ಸವಾಯಿ ಎಂಬವು ಅದರ ಎರಡು ದೊಡ್ಡ ದ್ವೀಪಗಳು. 1962ರಲ್ಲಿ ಅದು ನ್ಯೂಜಿಲೆಂಡಿನವರ ಆಳಿಕೆಯಿಂದ ಬಿಡುಗಡೆಯಾಗಿ ಸ್ವತಂತ್ರವಾಯಿತು. 1967ರಿಂದ ಅಮೇರಿಕ ಸರಕಾರದ ಪೀಸ್ ಕೋರ್ ಎಂಬ ಸೇವಾಸಂಘದ ಯೌವನಸ್ಥರು ಅಲ್ಲಿಗೆ ಹೋಗತೊಡಗಿದರು. ಹೊಟ್ಟೆಪಾಡಿಗೆ ಬೇಕಾದಷ್ಟನ್ನು ಮಾತ್ರ ತೆಗೆದುಕೊಂಡು, ಎರಡು ವರ್ಷದ ಮಟ್ಟಿಗೆ ಹಳ್ಳಿಗಳಲ್ಲಿ ವಾಸಿಸಿ, ಶಾಲೆಯ ಮಕ್ಕಳಿಗೆ ಕಲಿಸುವದು ಅವರ ಕ್ರಮ. ಇನ್ನು ಕೆಲವರು ಬೇರೆ ದೇಶಗಳಿಂದ ಕೆಲವೇ ವಾರಗಳ ಮಟ್ಟಿಗೆ ಬಂದು, ಕಲಿಸಿ, ದ್ವೀಪದವರ ಆಚಾರವಿಚಾರಗಳನ್ನು ಕಂಡು ಹಿಂದಿರುಗುವರು.

ಸಾಮೋವಾದ ಹಳೇ ಮಾದರಿಯ ಮನೆಗೆ ಗೋಡೆಗಳಿಲ್ಲ. ಸುತ್ತಲೂ ನೆಟ್ಟ ಕಂಬಗಳ ಮೇಲೆ ಮಾಡು ನಿಂತಿರುವದು. ಮಳೆಗಾಳಿ ಬಂದರೆ ತೆಂಗಿನ ಗರಿಯ ತಟ್ಟಿಗಳನ್ನು ಇಳಿಬಿಡುವರು. ಒಳಗೆ ಚಾಪೆಯ ಮೇಲೆ ಕಾಲು ಮಡಚಿ ಕೂತುಕೊಳ್ಳಬೇಕು. ಇನ್ನೊಬ್ಬರ ಕಡೆಗೆ ಕಾಲು ಚಾಚುವದು ಅಮರ್ಯಾದೆ. ಕೂತವರ ಮುಂದೆ ಹಾದುಹೋಗಬೇಕಾದವನು ಮೈ ಬಗ್ಗಿಸಿ, ‘ತುಲೋವು’ ಎಂಬ ಮಾತಿನಿಂದ ಕ್ಷಮೆ ಕೇಳಿಕೊಂಡು ಹೋಗಬೇಕು. ಸಾಯಂಕಾಲದಲ್ಲಿ ಶಂಖದ ಇಲ್ಲವೆ ಗಂಟೆಯ ಶಬ್ದವಾದಾಗ ಊರು ಸ್ತಬ್ಧವಾಗುವದು. ದಾರಿಯಲ್ಲಿ ಯಾರೂ ತಿರುಗಾಡರು. ಮನೆಮನೆಯಲ್ಲಿ ಕುಟುಂಬದವರು ಕೂಡಿ ಹಾಡಿ ಪ್ರಾರ್ಥಿಸುವರು. ಈ ಹೊತ್ತಿಗೆ ‘ಸಾ’ ಎಂದು ಹೆಸರು. ಆದಿತ್ಯವಾರದಲ್ಲಿ ಕಾದ ಕಲ್ಲುಗಳ ಮೇಲೆ ಕೆಸುವಿನ ಗಡ್ಡೆ, ದೀವಿಹಲಸು, ಮೀನು ಇವುಗಳನ್ನಿಟ್ಟು ಎಲೆಗಳಿಂದ ಮುಚ್ಚಿ ಬೇಯಿಸಿ, ಆರಾಧನೆ ತೀರಿದ ಮೇಲೆ ಎಲ್ಲರೂ ಉಣ್ಣುವರು.

ಇಂಥ ಮನೆಯಲ್ಲಿ ಪರದೇಶದ ಒಬ್ಬ ಉಪಾಧ್ಯಾಯನು ಇಳಿದುಕೊಂಡನೆಂದು ಎಣಿಸಿರಿ. ಇದ್ದದ್ದರಲ್ಲಿ ಒಳ್ಳೇ ಚಾಪೆಯನ್ನು ಅವನಿಗೆ ಹಾಸುವರು. ಮೀನಿನ ದೊಡ್ಡ ತುಂಡು ಅವನ ಪಾಲಿಗೆ ಬರುವದು. ಅತಿಥಿಯೂ ಹಿರಿಯರೂ ಉಂಡ ಮೇಲೆ ಮನೆಯ ಮಕ್ಕಳು ಉಣ್ಣುವರು. ಭಾಷೆ ಬಾರದ ಅವನಿಗೆ ಚಿಕ್ಕ ಮಕ್ಕಳು ಸಹ ಒಂದೊಂದು ವಸ್ತುವನ್ನು ತೋರಿಸಿ ಹೆಸರು ಹೇಳಿಕೊಡುವರು. ಹೇಗೆ ಕೂಡ್ರಬೇಕು, ಎಲ್ಲಿ ಸುಮ್ಮನಿರಬೇಕು, ಯಾರಿಗೆ ಮೊದಲು ಮಾತಾಡಬೇಕು ಎಂಬದನ್ನೆಲ್ಲಾ ಮನೆಯ ತಾಯಿಯು ತಿದ್ದಿ ಕಲಿಸುವಳು. ಅವನು ಹಗಲಲ್ಲಿ ಕೆಲವು ತಾಸು ಕಲಿಸಿದರೆ, ಉಳಿದ ಹೊತ್ತೆಲ್ಲಾ ಊರು ಅವನಿಗೆ ಕಲಿಸುತ್ತದೆ. ಇದಕ್ಕೆ ಅವರು ಸಂಬಳ ಕೇಳಿದರೋ? ಅವನ ಸೇವೆಯಾದರೋ ವರದಿಗಳಲ್ಲಿ ಬರೆಯಲ್ಪಡುವದು. ಆ ತಾಯಿಯ ಸೇವೆಯನ್ನು ಬರೆಯುವವರಾರು? ಹೀಗಿರಲಾಗಿ, ಉಚಿತವಾಗಿ ಕೊಟ್ಟವನು ನಾನೊಬ್ಬನೇ ಎಂದು ಅವನು ನೆನಸಿದರೆ ಅವನ ಲೆಕ್ಕವು ತಪ್ಪಾಗಿದೆ.

ಸಾಲಗಾರನೆಂದು ಒಪ್ಪಿಕೊಳ್ಳುವದು ದೇವರ ಸೇವಕನಿಗೆ ಅವಮಾನವಲ್ಲ. ಅಪೊಸ್ತಲನಾದ ಪೌಲನು ತಾನು ಕಲಿಸಬೇಕಾದ ಜನಾಂಗಗಳಿಗೆ ತನ್ನನ್ನು ಸಾಲಗಾರನೆಂದು ಎಣಿಸಿಕೊಂಡನು. ನಮ್ಮ ಕರ್ತನು ಸಮಾರ್ಯದ ಬಾವಿಯ ಹತ್ತಿರ ಜೀವಜಲವನ್ನು ಕೊಡುವದಕ್ಕೆ ಮುಂಚೆ ಒಬ್ಬ ಪರಸ್ತ್ರೀಯಿಂದ ಕುಡಿಯುವ ನೀರನ್ನು ಬೇಡಿದನು. ಬೇಡಿದ್ದರಿಂದ ಅವನ ಮಹಿಮೆ ಕಡಿಮೆಯಾಗಲಿಲ್ಲ; ಕೊಡುವವಳಾದದರಿಂದ ಆ ಸ್ತ್ರೀಗೆ ಮಾತಾಡುವ ಧೈರ್ಯ ಬಂತು. ಯಾವನ ಕೈಯಿಂದಲೂ ಏನನ್ನೂ ತೆಗೆದುಕೊಳ್ಳಲೊಲ್ಲದೆ ಕೊಡುತ್ತಲೇ ಇರುವವನು ಉಪಕಾರಿಯಾಗಿ ತೋರಿದರೂ, ಕಡೆಗೆ ಯಜಮಾನನಾಗಿ ಕೂತುಕೊಳ್ಳುವನು.

ಈ ಸಾಗರದ ಸಭೆಗಳ ಚರಿತ್ರೆಯೇ ಇದಕ್ಕೆ ಸಾಕ್ಷಿಯಾಗಿದೆ. 1830ರಲ್ಲಿ ಜಾನ್ ವಿಲಿಯಮ್ಸರು ಸವಾಯಿಗೆ ಬಂದಾಗ ತಾಹಿತಿ, ರಾರೊತೊಂಗ ಕಡೆಯ ದ್ವೀಪಗಳ ಎಂಟು ಮಂದಿ ಉಪದೇಶಕರನ್ನು ಕರತಂದರು. ವಿಲಿಯಮ್ಸರು ಬೇಗನೆ ಹೊರಟುಹೋದರು. ಉಳಿದು, ಆ ಜನರ ಅನ್ನವನ್ನು ಉಂಡು, ಅವರ ಮಾತನ್ನು ಕಲಿತು ಬೋಧಿಸಿದವರು ಆ ಎಂಟು ಮಂದಿ. 1844ರಲ್ಲಿ ಉಪೊಲುವಿನ ಮಲುವ ಎಂಬಲ್ಲಿ ಉಪದೇಶಕರ ಪಾಠಶಾಲೆ ಸ್ಥಾಪಿತವಾಯಿತು.

ಸಾಮೋವಾದ ವಾಯವ್ಯಕ್ಕೆ, ಈಗ ತುವಾಲು ಎಂದು ಕರೆಯಲ್ಪಡುವ ತಗ್ಗಾದ ಸಣ್ಣ ದ್ವೀಪಗಳುಂಟು. 1861ರಲ್ಲಿ ಮನಿಹಿಕಿ ದ್ವೀಪದ ಸಭಾಸೇವಕನಾದ ಎಲೆಕಾನನೆಂಬವನು ದೋಣಿಯಲ್ಲಿ ಹೋಗುತ್ತಿರುವಾಗ ಗಾಳಿಗೆ ಸಿಕ್ಕಿ, ಜೊತೆಯವರ ಸಂಗಡ ಸುಮಾರು ಎಂಟು ವಾರ ತೇಲಿ, ಆ ದ್ವೀಪಗಳಲ್ಲೊಂದಾದ ನುಕುಲೇಲೆಯ ದಡಕ್ಕೆ ಬಂದನು. ಅಲ್ಲಿಯ ಜನರು ಅವನ ಜೀವವನ್ನು ಉಳಿಸಿ ಸತ್ಕರಿಸಿದರು. ಅವನು ಅವರಿಗೆ ಓದುವದನ್ನೂ ಪ್ರಾರ್ಥಿಸುವದನ್ನೂ ಕಲಿಸಿದನು. ಅಲ್ಲಿ ಮೊದಲು ಉಪಕಾರ ಹೊಂದಿದವನು ಶಿಷ್ಯನಲ್ಲ, ಗುರುವೇ. ಆಮೇಲೆ ಎಲೆಕಾನನು ತನ್ನ ತಿಳಿವಳಿಕೆ ಸಾಲದೆಂದು ಕಂಡು ಮಲುವಕ್ಕೆ ಹೋಗಿ ವಿದ್ಯಾರ್ಥಿಯಾಗಿ, 1865ರಲ್ಲಿ ಆ ದ್ವೀಪಗಳಿಗೆ ತಿರಿಗಿ ಬಂದನು.

ಅಷ್ಟರೊಳಗೆ ಮಹಾ ದುಃಖವೊಂದು ಸಂಭವಿಸಿತ್ತು. 1863ರಲ್ಲಿ ಪೆರು ದೇಶಕ್ಕೆ ಕೂಲಿಗಳನ್ನು ಹಿಡಿದೊಯ್ಯುವ ಹಡಗುಗಳು ನುಕುಲೇಲೆಗೂ ಫುನಫುತಿಗೂ ಬಂದವು. ದೇವರ ವಿಷಯವನ್ನು ಚೆನ್ನಾಗಿ ಕಲಿಸುವ ಸ್ಥಳಕ್ಕೆ ನಿಮ್ಮನ್ನು ಕೊಂಡುಹೋಗುವೆವೆಂದು ಆ ಮೋಸಗಾರರು ಹೇಳಿದರು. ಕಲಿಯುವ ಆಶೆಯಿಂದ ಗಂಡಸರೂ ಹೆಂಗಸರೂ ಮಕ್ಕಳೂ ಗುಂಪುಗುಂಪಾಗಿ ಹಡಗು ಹತ್ತಿದರು. ಅವರಲ್ಲಿ ತಿರಿಗಿ ಸ್ವಂತ ಊರನ್ನು ಕಂಡವರು ಇಲ್ಲವೆನ್ನುವಷ್ಟು ಕಡಿಮೆ. ಇದನ್ನು ನಾವು ಮರೆಯಬಾರದು. ಕಲಿಯಬೇಕೆಂಬ ಹಸಿವುಳ್ಳವರು ಕಲಿಸುವೆನೆಂದು ಬಂದವನನ್ನು ನಂಬಿಬಿಡುತ್ತಾರೆ. ಆ ನಂಬಿಕೆಯೇ ಅವರು ಗುರುವಿಗೆ ಕೊಡುವ ಅತಿ ಬೆಲೆಯುಳ್ಳ ವಸ್ತು. ಆದದರಿಂದ ಕಲಿಸಹೋದವನು ಪಾಠ ಹೇಳುವದಕ್ಕೆ ಬಾಯಿ ತೆರೆಯುವ ಮೊದಲೇ ಸಾಲಗಾರನಾಗಿದ್ದಾನೆ.

ಒಳ್ಳೇ ಗುರುಗಳಿಂದಲೂ ಕೆಲವು ಸಂಗತಿಗಳು ಕಳೆದುಹೋಗುತ್ತವೆ. ಸಾಮೋವಾದ ಬೋಧಕರು ತುವಾಲುವಿನಲ್ಲಿ ಪ್ರಯಾಸಪಟ್ಟು ಸಭೆಗಳನ್ನು ಕಟ್ಟಿದರು. ಆದರೆ ತಮ್ಮ ಭಾಷೆಯ ಸತ್ಯವೇದವನ್ನೇ ತಂದರು. ಬಹುಕಾಲದ ವರೆಗೆ ಆ ಸಭೆಗಳಲ್ಲಿ ಸಾಮೋವಾ ಭಾಷೆಯೇ ಕೇಳಿಬಂತು. ಸಂಪೂರ್ಣ ಸತ್ಯವೇದವು ತುವಾಲು ಭಾಷೆಯಲ್ಲಿ ಪ್ರಕಟವಾದದ್ದು 1987ರಲ್ಲಿ. ಬಿಳಿಯರಲ್ಲದ, ನೆರೆಯವರಾದ, ಭಕ್ತಿಯುಳ್ಳ ಬೋಧಕರ ಕೈಯಲ್ಲಿಯೂ ಹೀಗಾಯಿತಲ್ಲಾ! ಕಲಿಸುವವನು ತನ್ನ ಮಾತನ್ನೇ ದೇವರ ಮಾತೆಂದು ನೆನಸುವ ಶೋಧನೆಯು ಯಾವ ಬಣ್ಣದವರನ್ನೂ ಬಿಡುವದಿಲ್ಲ.

ಸಾಮೋವಾ ಭಾಷೆಯಲ್ಲಿ ‘ಅಓ’ ಎಂಬ ಒಂದೇ ಶಬ್ದಕ್ಕೆ ಕಲಿಯುವದು, ಕಲಿಸುವದು ಎಂಬ ಎರಡು ಅರ್ಥಗಳುಂಟು. ನಮ್ಮ ಕನ್ನಡದಲ್ಲಿಯೂ ‘ಕಲಿಸು’ ಎಂಬದು ‘ಕಲಿ’ ಎಂಬದರಿಂದಲೇ ಹುಟ್ಟಿದೆ, ಬೇರಿಲ್ಲದೆ ಕೊಂಬೆಯುಂಟೋ? ಜಾರ್ಜ್ ಪ್ರಾಟ್ ಎಂಬ ಬೋಧಕರು ಆ ದ್ವೀಪದವರ ಬಾಯಿಂದ ಶಬ್ದಗಳನ್ನು ಕೇಳಿ ಕೂಡಿಸಿ, 1862ರಲ್ಲಿ ಸಾಮೋವಾ ನಿಘಂಟನ್ನು ಅಚ್ಚುಹಾಕಿಸಿದರು. ನಮ್ಮ ನಾಡಿಗೆ ಬಾಸೆಲ್ ಮಿಶನಿನಿಂದ ಬಂದ ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಇವರಿಬ್ಬರೂ ಕಲಿಸುವದಕ್ಕೆಂದು ಬಂದವರು. ಜನರ ಪಾದದ ಬಳಿ ಎಷ್ಟು ವರ್ಷ ಕೂತು ಕಲಿತರೆಂಬದಕ್ಕೆ ಆ ದಪ್ಪ ಪುಸ್ತಕಗಳೇ ಸಾಕ್ಷಿ.

ಇನ್ನು ಪರರ ಆಚಾರಗಳನ್ನು ತಿಳುಕೊಳ್ಳುವ ವಿಷಯ. ಕೊರಳಿಗೆ ಹೂವಿನ ಮಾಲೆ ಹಾಕಿಸಿಕೊಂಡು, ಕುಣಿತವನ್ನು ನೋಡಿ, ಪಟ ತೆಗೆದುಕೊಂಡು ಬಂದವನು, ಅವರ ಆಚಾರವನ್ನು ಬಲ್ಲೆನೆಂದು ಹೇಳುತ್ತಾನೆ. ಅವನು ನೋಡಿದ್ದಾನೆ, ಬಲ್ಲವನಲ್ಲ. ‘ಸಾ’ ಹೊತ್ತಿನಲ್ಲಿ ತನ್ನ ಅವಸರದ ಕೆಲಸವನ್ನು ಬಿಟ್ಟು ಸುಮ್ಮನೆ ಕೂತವನು, ಮಡಚಿದ ಕಾಲು ನೋಯುತ್ತಿದ್ದರೂ ಹಿರಿಯರ ಮುಂದೆ ಚಾಚದೆ ತಾಳಿದವನು ಸ್ವಲ್ಪ ಬಲ್ಲನು. ಯಾವ ಆಚಾರವು ನಮ್ಮಿಂದ ಏನನ್ನೂ ಕೇಳುವದಿಲ್ಲವೋ ಅದು ನಮಗೆ ಬರೀ ಆಟ. ಯಾವದಕ್ಕೆ ನಾವು ಅಧೀನರಾಗುತ್ತೇವೋ ಅದು ನಮಗೆ ಪಾಠ.

ಹಾಗಾದರೆ ಎಲ್ಲಾ ಆಚಾರಗಳಿಗೂ ಅಧೀನರಾಗಬೇಕೋ? ಹಾಗಲ್ಲ. ಮೆಣಸಿನ ಬಳ್ಳಿಯ ಜಾತಿಗೆ ಸೇರಿದ ಒಂದು ಗಿಡದ ಬೇರನ್ನು ನೀರಲ್ಲಿ ಹಿಂಡಿ ಮಾಡುವ ‘ಆವ’ ಎಂಬ ಪಾನಕವನ್ನು ಸಾಮೋವಾದವರು ಅತಿಥಿಗೆ ತೆಂಗಿನ ಚಿಪ್ಪಿನಲ್ಲಿ ಕೊಡುವರು. ಅದು ಹೆಂಡದ ಹಾಗೆ ಹುಳಿಹಿಡಿಸಿದ್ದಲ್ಲ. ಆದರೂ ಮೈಯನ್ನು ಮಂದಪಡಿಸುವ ಗುಣ ಅದಕ್ಕುಂಟು. ವನುವಾತುವಿನ ತಾನ್ನ ದ್ವೀಪದಲ್ಲಿ ಪ್ರೆಸ್ಬಿಟೇರಿಯನ್ ಮಿಶನಿನವರು ಇಂಥದೇ ಪಾನವನ್ನು ನಿಷೇಧಿಸಿದರು; ಸಾಮೋವಾದ ಕ್ರೈಸ್ತರಲ್ಲಿಯಾದರೋ ಅದು ಸತ್ಕಾರದ ಕ್ರಮವಾಗಿ ಉಳಿಯಿತು. ವಿಗ್ರಹಕ್ಕೆ ಅರ್ಪಿಸಿದ ಪದಾರ್ಥದ ವಿಷಯದಲ್ಲಿ ಕೊರಿಂಥದವರಿಗೆ ಬರೆದಾಗ ಪೌಲನು ತಿನ್ನುವವನ ಹಕ್ಕಿಗಿಂತ ಬಲಹೀನ ಸಹೋದರನ ಮನಸ್ಸಾಕ್ಷಿಯನ್ನು ದೊಡ್ಡದಾಗಿ ಎಣಿಸಿದನು. ಅದರಂತೆಯೇ ಇಲ್ಲಿಯೂ ಮಾಡತಕ್ಕದ್ದು. ಬಟ್ಟಲನ್ನು ಒಪ್ಪುವವನಾಗಲಿ ಒಪ್ಪದವನಾಗಲಿ, ಅದು ಆ ಜನರಿಗೆ ಏನಾಗಿದೆ ಎಂಬದನ್ನು ಮೊದಲು ಅವರಿಂದಲೇ ಕೇಳಿ ತಿಳಿಯಲಿ. ಕಲಿತ ಮೇಲೆ ಬೇಡವೆನ್ನುವವನ ಮಾತಿಗೆ ತೂಕವುಂಟು. ಕಲಿಯದೆ ಬೇಡವೆನ್ನುವದು ಗರ್ವ, ಕಲಿಯದೆ ಸರಿಯೆನ್ನುವದು ಉದಾಸೀನತೆ.

ನಮ್ಮ ಸಭೆಗಳ ಯೌವನಸ್ಥರಲ್ಲಿಯೂ ಕೆಲವರು ಬೇರೆ ಹಳ್ಳಿಗಳಿಗೆ, ಕಾಡಿನ ಹಾಡಿಗಳಿಗೆ ಅಕ್ಷರ ಕಲಿಸಲು ಹೋಗುತ್ತಾರೆ. ಇದು ಸ್ತೋತ್ರಕ್ಕೆ ಯೋಗ್ಯವಾದ ಕಾರ್ಯ. ಆದರೆ ನಾವು ಅಕ್ಷರ ಬಲ್ಲವರು, ಅವರು ಏನೂ ಅರಿಯದವರು ಎಂಬ ಮಾತು ಮನಸ್ಸಿನಲ್ಲಿದ್ದರೆ, ಪುಸ್ತಕದ ಚೀಲಕ್ಕಿಂತ ಭಾರವಾದ ಹೊರೆಯನ್ನು ಹೊತ್ತುಕೊಂಡು ಹೋದಂತಾಯಿತು. ಬಡವರ ಮನೆಯಲ್ಲಿ ಕೊಟ್ಟ ಗಂಜಿಯನ್ನು ಸಂತೋಷದಿಂದ ಕುಡಿಯಿರಿ. ಅವರ ಮಾತಿನಲ್ಲಿ ಅವರ ಹೆಸರು ಹಿಡಿದು ಕರೆಯಲು ಕಲಿಯಿರಿ. ನೀವು ಹೊರಟ ಮೇಲೆ, ಅವನು ನಮಗೆ ಇಷ್ಟು ಕೊಟ್ಟನು ಎಂದು ಮಾತ್ರವಲ್ಲ, ನಮ್ಮಿಂದಲೂ ಇಷ್ಟು ಕಲಿತನು ಎಂದು ಅವರು ಹೇಳುವಂತಾಗಲಿ. ಯಾಕಂದರೆ ಕೊಡುವದಕ್ಕೆ ತನ್ನಲ್ಲಿಯೂ ಏನೋ ಇದೆಯೆಂದು ತಿಳಿದ ಮನುಷ್ಯನು ಇನ್ನು ತಲೆ ತಗ್ಗಿಸಿ ನಡೆಯುವವನಲ್ಲ. ಹನ್ನೆರಡು ವರ್ಷದವನಾಗಿ ದೇವಾಲಯದಲ್ಲಿ ಬೋಧಕರ ನಡುವೆ ಕೂತು, ಕೇಳುತ್ತಲೂ ಪ್ರಶ್ನಿಸುತ್ತಲೂ ಇದ್ದ ನಮ್ಮ ಕರ್ತನು, ಕಲಿಸುವವರೆಲ್ಲರಿಗೂ ಕಲಿಯುವ ಮನಸ್ಸನ್ನು ದಯಪಾಲಿಸಲಿ.