ಯಜಮಾನರಿಲ್ಲದ ಮನೆಗೆ ನೆಂಟರು

ದೇಲಂಪಾಡಿಯ ನಮಗೆ ಪುತ್ತೂರು ಅಂದರೆ ಅಡಿಕೆ ಅಂಗಡಿ, ಆಸ್ಪತ್ರೆ, ಮದುವೆ ಜವಳಿ. ಈಶ್ವರಮಂಗಲ ದಾಟಿ ಪೇಟೆಗೆ ಹೋದವರು ಕೆಲಸ ಮುಗಿಸಿ ಸಂಜೆಯ ಬಸ್ಸು ಹಿಡಿಯುತ್ತೇವೆ. ಪರ್ಲಡ್ಕಕ್ಕೆ ಹೋಗಿ ಬಾಲವನ ನೋಡಿ ಬಂದೆ ಎಂದರೆ "ಅಲ್ಲಿ ನೋಡ್ಲಿಕ್ಕೆ ಎಂತ ಉಂಟು?" ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಮರಗಳುಂಟು, ಹಳೆಯ ಮನೆಯುಂಟು, ನಾಟ್ಯಶಾಲೆಯುಂಟು, ಆಮೇಲೆ ಬಂದ ಈಜುಕೊಳವೂ ಉಂಟು. ಯಜಮಾನರು ಮಾತ್ರ ಇಲ್ಲ. ಸುಮಾರು ನಾಲ್ಕು ದಶಕ ಪುತ್ತೂರಿನಲ್ಲಿದ್ದ ಶಿವರಾಮ ಕಾರಂತರು ಸಾಲಿಗ್ರಾಮಕ್ಕೆ ಹೋದರು, 1997ರಲ್ಲಿ ತೀರಿಕೊಂಡರು.

ಒಳಗೆ ಕಾಲಿಟ್ಟಾಗ ಮೊದಲು ಅನ್ನಿಸುವುದು, ಇಷ್ಟೇಯಾ ಎಂದು. ನಮ್ಮ ಕಡೆಯ ಯಾವುದೇ ಅಡಿಕೆ ಬೆಳೆಗಾರರ ಮನೆಯ ಚಾವಡಿ ಇದಕ್ಕಿಂತ ಕಡಿಮೆಯೇನಲ್ಲ. ಕಿಟಕಿಯ ಸರಳುಗಳ ನೆರಳು ನೆಲದ ಮೇಲೆ ಓರೆಯಾಗಿ ಬಿದ್ದಿತ್ತು. ಒಂದು ಇರುವೆ ಆ ಗೆರೆಗಳನ್ನು ಒಂದೊಂದಾಗಿ ದಾಟುತ್ತಿತ್ತು. ಅದನ್ನು ನೋಡುತ್ತಾ ನಿಂತಾಗ ತಲೆಯೊಳಗೆ ಲೆಕ್ಕ ಶುರುವಾಯಿತು. 'ಚೋಮನ ದುಡಿ', 'ಮರಳಿ ಮಣ್ಣಿಗೆ', 'ಬೆಟ್ಟದ ಜೀವ' ಎಲ್ಲ ಪುತ್ತೂರಿನ ವರ್ಷಗಳವು. ಮಕ್ಕಳಿಗೆಂದು ಮೂರು ಸಂಪುಟಗಳ 'ಬಾಲಪ್ರಪಂಚ', ದೊಡ್ಡವರಿಗೆಂದು 'ವಿಜ್ಞಾನ ಪ್ರಪಂಚ', ಅದೂ ಒಬ್ಬರೇ ಕೂತು. 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಕಾದಂಬರಿಗಲ್ಲ, 'ಯಕ್ಷಗಾನ ಬಯಲಾಟ'ಕ್ಕೆ. ನಡುವೆ ನಾಟಕ, ನೃತ್ಯ, ಮಕ್ಕಳ ಶಿಕ್ಷಣದ ಪ್ರಯೋಗ, ಅಚ್ಚುಕೂಟದ ತಾಪತ್ರಯ. ಅವರು ಬರೆಯುತ್ತಿದ್ದ ಮೇಜು ಎಲ್ಲಿ ಎಂದು ಹುಡುಕುವವರಿಗೂ ಇಲ್ಲಿ ಪೂರ್ತಿ ಉತ್ತರ ಸಿಕ್ಕುವುದಿಲ್ಲ. ಎಷ್ಟೋ ಕಾದಂಬರಿಗಳನ್ನು ಅವರು ಬಾಯಲ್ಲೇ ಹೇಳಿ ಬರೆಸಿದವರು. ಕೋಣೆಯನ್ನು ಅಳೆಯಬಹುದು. ಒಳಗೆ ಆದದ್ದಕ್ಕೆ ಅಳತೆಗೋಲಿಲ್ಲ.

ಹೊರಗೆ ಈಜುಕೊಳದ ಕಡೆಯಿಂದ ಮಕ್ಕಳ ಗದ್ದಲ ಕೇಳುತ್ತಿತ್ತು. ಮನೆ ನೋಡಲು ಬಂದವರಿಗಿಂತ ಈಜಲು ಬಂದವರೇ ಹೆಚ್ಚು. ಇದರಲ್ಲಿ ಕೊರಗುವಂಥದ್ದು ನನಗೆ ಏನೂ ಕಾಣಲಿಲ್ಲ. ಹೆಸರೇ ಬಾಲವನ. ಕಾರಂತರೂ ಆ ಗದ್ದಲದ ಪಕ್ಷವನ್ನೇ ವಹಿಸುತ್ತಿದ್ದರೇನೋ.

ಮಂಜೇಶ್ವರದ 'ಗಿಳಿವಿಂಡು' ಇನ್ನೊಂದು ಬಗೆ. ಗೋವಿಂದ ಪೈಗಳ ಮನೆಗೆ ಅವರ ಮೊದಲ ಕವನ ಸಂಕಲನದ ಹೆಸರನ್ನೇ ಇಟ್ಟಿದ್ದಾರೆ. 1949ರಲ್ಲಿ ಮದ್ರಾಸ್ ಸರಕಾರ ರಾಷ್ಟ್ರಕವಿ ಎಂದು ಗೌರವಿಸಿದ ಈ ಪಂಡಿತರು ಪದವಿ ಪೂರೈಸಿದವರಲ್ಲ. ಅವರ ಹೆಸರಿನ ಸಂಶೋಧನ ಕೇಂದ್ರ ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿದೆ, ಪುಸ್ತಕಗಳೂ ಅಲ್ಲಿಗೇ ಹೋದವು. ಮಂಜೇಶ್ವರದಲ್ಲಿ ಉಳಿದದ್ದು ಗೋಡೆ, ಬಾಗಿಲು, ಕಡಲ ಗಾಳಿ. ಈ ಕರಾವಳಿಯ ಊರಿನಲ್ಲಿ ಕೂತು ಒಬ್ಬರು ಕ್ರಿಸ್ತನ ಕೊನೆಯ ದಿನವನ್ನು 'ಗೊಲ್ಗೊಥಾ'ದಲ್ಲಿ, ಬುದ್ಧನ ಕೊನೆಯ ದಿನವನ್ನು 'ವೈಶಾಖಿ'ಯಲ್ಲಿ ಕಂಡರು. ಜೆರುಸಲೇಮಿನ ದಾರಿಯ ಧೂಳು ಮಂಜೇಶ್ವರಕ್ಕೆ ಹೇಗೆ ಬಂತು? ಅಲ್ಲಿಯ ಜಗಲಿಯಲ್ಲಿ ಕೂತವರಿಗೆ ಈ ಪ್ರಶ್ನೆ ಏಳದಿದ್ದರೆ ಹೋಗಿಯೂ ಹೋದಂತಲ್ಲ.

ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆ ಕೂಡ ಇಂಥದ್ದೇ. ಸುತ್ತ ಮರಗಳ ನೆರಳಿನ ಬೀದಿ. 2011ರಲ್ಲಿ ಕೆಡವಲು ಹೊರಟಿದ್ದರು; ಜನ ದನಿಯೆತ್ತಿದ ಮೇಲೆ ಉಳಿದು, 2016ರಲ್ಲಿ ಮ್ಯೂಸಿಯಂ ಆಯಿತು. ಚಾಮುಂಡಿ ಬೆಟ್ಟ ಕಾಣಲಿ ಎಂದು ಬರೆಯುವ ಕೋಣೆಗೆ ಎಂಟು ಕಿಟಕಿ ಇಡಿಸಿದ್ದರಂತೆ. ಆಮೇಲೆ ನೋಟವೇ ಮನಸ್ಸನ್ನು ಎಳೆಯುತ್ತದೆಂದು ಪರದೆ ಹಾಕಿಕೊಂಡು ಬರೆದರಂತೆ! ನನಗೆ ಆ ಕಿಟಕಿಗಳಿಗಿಂತ ಆ ಪರದೆಯ ಮೇಲೆಯೇ ಪ್ರೀತಿ.

ಬಂಟ್ವಾಳದ ಸಂಚಯಗಿರಿಯಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ತುಳು ಬದುಕಿನ ವಸ್ತುಸಂಗ್ರಹಾಲಯಕ್ಕೆ ಹೋದಾಗ ಬೆರಗು ತಿರುಗುಮುರುಗಾಯಿತು. ಅಲ್ಲಿ ಮುಟ್ಟಾಳೆಯ ಎದುರು ನಿಂತೆ. ಹಾಳೆಯ ಅಂಚಿನ ಹೊಲಿಗೆ, ಹಣೆಯ ಬೆವರಿನಿಂದ ಕಪ್ಪಾದ ಒಳಭಾಗ. ನಮ್ಮ ಮನೆಯಲ್ಲಿ ಅಂಥದ್ದೇ ಒಂದು ಕೊಟ್ಟಿಗೆಯ ಗೂಟಕ್ಕೆ ನೇತುಬಿದ್ದಿದೆ, ಅದನ್ನು ಯಾರೂ ಕಣ್ಣೆತ್ತಿ ನೋಡಿದ್ದಿಲ್ಲ. ಇಲ್ಲಿ ನಾನೇ ಬಗ್ಗಿ ನೋಡುತ್ತಿದ್ದೇನೆ. ವಸ್ತು ಬದಲಾಗಿಲ್ಲ, ಯಾರೋ ಒಬ್ಬರು ಇದನ್ನು ಬಿಸಾಡಬಾರದು ಅಂದುಕೊಂಡರು, ಅಷ್ಟೆ.

ಹಾಗಾದರೆ ದೇಲಂಪಾಡಿಯಲ್ಲಿ ಎಂತ ಉಂಟು? ಬನಾರಿ ಉಂಟು. ಕೀರಿಕ್ಕಾಡು ಮಾಸ್ತರ್ ವಿಷ್ಣು ಭಟ್ಟರು ಯಕ್ಷಗಾನ ಕಲಿಸಿದ ಜಾಗ. ಗೋಪಾಲಕೃಷ್ಣ ಯಕ್ಷಗಾನ ಕಲಾಸಂಘ ಅದೇ ಪರಂಪರೆಯದು. ಆದರೆ ತಾಳಮದ್ದಳೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುವುದು ಹೇಗೆ? ಪದ ಬರೆದಿಟ್ಟದ್ದು, ಅರ್ಥ ಹಾಗಲ್ಲ. ಭಾಗವತರು ಪದ ನಿಲ್ಲಿಸಿದ ಕೂಡಲೇ ಹುಟ್ಟಿ, ಎದುರಾಳಿ ಬಾಯಿ ತೆರೆಯುವಷ್ಟರಲ್ಲಿ ಮುಗಿದುಹೋಗುತ್ತದೆ. ನಿನ್ನೆಯ ಕರ್ಣ ಇವತ್ತಿನ ಕರ್ಣನಲ್ಲ. ಚೆಂಡೆ, ಮದ್ದಳೆ, ಜಾಗಟೆ, ಹಳೆಯ ಪ್ರಸಂಗದ ಪ್ರತಿ ಇವನ್ನೆಲ್ಲ ಜೋಡಿಸಿಟ್ಟರೂ ಮಾಸ್ತರರು ಶಿಷ್ಯನ ಮಾತನ್ನು ತಡೆದು ತಿದ್ದಿದ ಆ ಗಳಿಗೆ ಅದರಲ್ಲಿ ಇರುವುದಿಲ್ಲ. ಅದು ಉಳಿದಿದ್ದರೆ ಕಲಿತವರ ಗಂಟಲಲ್ಲಿ, ಅವರಿಂದ ಕಲಿತವರ ಗಂಟಲಲ್ಲಿ.

ಆದ್ದರಿಂದ ಊರಿನವರಲ್ಲಿ ಒಂದು ಕೇಳಿಕೆ. ಹಳೆಯ ಮನೆ ಬಿಚ್ಚಿ ತಾರಸಿ ಹಾಕುವುದು ಅವರವರ ಅನುಕೂಲ, ಬೇಡ ಎನ್ನಲು ನಾನು ಯಾರು? ಬಿಚ್ಚುವ ಮೊದಲು ಚಾವಡಿ, ಅಟ್ಟ, ಅಡುಗೆಕೋಣೆ ಎಲ್ಲದರ ಫೋಟೊ ತೆಗೆದಿಡಿ. ಮನೆಯಲ್ಲಿ ಅರ್ಥ ಹೇಳುತ್ತಿದ್ದ ಅಜ್ಜ ಇದ್ದರೆ ಮೊಬೈಲು ಎದುರಿಗಿಟ್ಟು ಅರ್ಧ ಗಂಟೆ ಮಾತಾಡಿಸಿ. ಪುತ್ತೂರಿಗೆ ಹೋದಾಗ ಸಂಜೆಯ ಬಸ್ಸಿಗೆ ಹೊತ್ತಿದ್ದರೆ, ಮಕ್ಕಳನ್ನು ಕರೆದುಕೊಂಡು ಪರ್ಲಡ್ಕಕ್ಕೂ ಹೋಗಿಬನ್ನಿ.